ಹಿಂದಿನ ಗಾಲಿಯೂ ವರನ ದಿಬ್ಬಣವೂ

ದೊಡ್ಡ ಕಾರು ಹಿಂದಿನ ಗಾಲಿಯ ಬಲದಿಂದಲೇ ಓಡುತ್ತದೆ. ಕಳೆದ ಜ್ಯೇಷ್ಠ ಮಾಸದವರೆಗೆ ಈ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಣ್ಣ ಕಾರುಗಳ ಮಾತು ಬೇರೆ. ಅವು ಮುಂದಿನ ಗಾಲಿಯಿಂದ ಎಳೆದುಕೊಂಡು ಹೋಗಲಿ, ತೆವಳಿಕೊಂಡು ಹೋಗಲಿ, ನನಗೇನು? ಆದರೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿದರೂ ಮುಂದಿನ ಸೀಟಿಗೆ ತಾಗದಂಥ, ಹೊಂಡಕ್ಕೆ ಬಿದ್ದರೂ ತೊಟ್ಟಿಲು ತೂಗಿದಂತೆ ಎನಿಸುವಂಥ ಉದ್ದನೆಯ ಕಾರು ಮುಂದಿನಿಂದ ಎಳೆಸಿಕೊಂಡು ಹೋಗುವುದುಂಟೆ? ಅದೇನು ಸಂತೆಗೆ ಹೊರಟ ಕರುವೇ? ಮುಂದಿನ ಗಾಲಿಗಳು ದಾರಿ ತೋರಿಸಬೇಕು, ಹಿಂದಿನ ಗಾಲಿಗಳು ಗಂಭೀರವಾಗಿ ತಳ್ಳಬೇಕು. ಅದು ದೊಡ್ಡವರ ಕ್ರಮ.

ಎರಡು ವರ್ಷದ ಹಿಂದೆ ಠಾಣೆಯ ಒಬ್ಬ ನಿವೃತ್ತ ಡಾಕ್ಟರರಿಂದ ನಾನು ಕೊಂಡ ಸೆಕೆಂಡ್‌ಹ್ಯಾಂಡ್ ಕಾರು ಅಂಥದ್ದು. ಬೆಳ್ಳಿಯ ಬಣ್ಣ, ದಿವಾನದಂಥ ಸೀಟು. ಡೊಂಬಿವಲಿಯ ನಮ್ಮ ಸೊಸೈಟಿಯವರು ಕೊಟ್ಟ ಪಾರ್ಕಿಂಗಿನಲ್ಲಿ ಅದರ ಮುಕ್ಕಾಲು ಭಾಗ ಮಾತ್ರ ಹಿಡಿಯುತ್ತದೆ. ಉಳಿದ ಕಾಲು ಭಾಗ ಸಾರ್ವಜನಿಕ ಸೇವೆಗಾಗಿ ಹೊರಗೆ ನಿಂತಿರುತ್ತದೆ. ಅದರ ಮೇಲೆ ಬೆಕ್ಕುಗಳು ಮಲಗುತ್ತವೆ, ವಾಚ್‌ಮನ್ ತನ್ನ ಚಹಾದ ಲೋಟ ಇಡುತ್ತಾನೆ.

ಕಾರಿನ ವಿದ್ಯೆ ನನಗೆ ಬಂದದ್ದು ಸೀನ ಮಾವನಿಂದ. ನನ್ನ ತಾಯಿಯ ಅಣ್ಣ. ಉಡುಪಿಯಿಂದ ಘಟ್ಟದ ಮೇಲಕ್ಕೆ ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದವರು. ರಜೆಯಲ್ಲಿ ಊರಿಗೆ ಹೋದಾಗ ನಾನು ಅವರ ಪಕ್ಕದ ಸೀಟು ಬಿಟ್ಟು ಇಳಿಯುತ್ತಿರಲಿಲ್ಲ. ಮುಂಬಯಿ ಕಡೆ ಬೆಳೆದ ನನ್ನ ಬಾಯಿಗೆ ಕನ್ನಡ ಹತ್ತಿದ್ದೂ ಅಲ್ಲಿಯೇ, ಅವರು ಎದುರಿನ ಲಾರಿಯವರಿಗೆ ಬೈಯುವಾಗ. ಮಳೆಗಾಲದಲ್ಲಿ ಅವರು ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ ಹಾಕಿಕೊಂಡೇ ಘಟ್ಟ ಹತ್ತುತ್ತಿದ್ದರು. "ಗಾಡಿ ಜಾರಿತೋ, ಹಿಂದೆ ಭಾರ ಹಾಕು ಮಾರಾಯ. ಚಕ್ರ ನೆಲ ಕಚ್ಚುತ್ತದೆ" ಎನ್ನುತ್ತಿದ್ದರು. ವೇದವಾಕ್ಯ! ಅವರ ಆ ಹಳೆಯ ಗುಂಡು ಕಾರು ಹಿಂದಿನ ಗಾಲಿಯಿಂದ ಓಡುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಎಲ್ಲ ಕಾರೂ ಅವರ ಕಾರಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ.

ನಮ್ಮ ಮಹಡಿಯ ಸಾವಂತರು ಒಂದು ಸಂಜೆ ಕಾರನ್ನು ಸುತ್ತಿ ನೋಡಿ, "ಅಹೋ, ಹೀ ಫ್ರಂಟ್ ವ್ಹೀಲ್ ಆಹೇ" ಎಂದುಬಿಟ್ಟರು. ನನ್ನ ಮೈ ಉರಿಯಿತು. ಹಿಂದಿನ ಬಾಗಿಲು ತೆಗೆದು, ಕಾಲಿಡುವ ಜಾಗದ ನಟ್ಟನಡುವೆ ಇರುವ ಉಬ್ಬನ್ನು ತೋರಿಸಿದೆ. ಈ ಉಬ್ಬಿನ ಕೆಳಗೆ ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ದಂಡ ಇದೆ, ಇಲ್ಲದಿದ್ದರೆ ಉಬ್ಬು ಯಾತಕ್ಕೆ ಎಂದು ಕೇಳಿದೆ. ಹೊಗೆಯ ಕೊಳವೆ ಹೋಗಲಿಕ್ಕೆ ಎಂದರು ಸಾವಂತರು. ಬೇಕಾದರೆ ಜಾಕ್ ಹಚ್ಚಿ ಮುಂದಿನ ಗಾಲಿ ಎತ್ತೋಣ, ಗೇರು ಹಾಕಿ ಯಾವುದು ತಿರುಗುತ್ತದೆ ನೋಡೋಣ, ಐದು ನಿಮಿಷದ ಕೆಲಸ ಎಂದೂ ಹೇಳಿದರು. ನಾನು ನಿರಾಕರಿಸಿದೆ. ದೇವರಿದ್ದಾನೋ ಇಲ್ಲವೋ ಎಂದು ಯಾರಾದರೂ ಜಾಕ್ ಹಚ್ಚಿ ನೋಡುತ್ತಾರೆಯೇ?

ನನ್ನ ಹೆಂಡತಿ ಪದ್ಮಾ ಧಾರವಾಡ ಕಡೆಯವಳು. ಅವಳ ಜೊತೆ ಮೂವತ್ತು ವರ್ಷ ಇದ್ದು ನಾನೂ ಚಕ್ರ ಬಿಟ್ಟು ಗಾಲಿ ಎನ್ನಲು ಕಲಿತಿದ್ದೇನೆ. ನನ್ನ ಮತ್ತು ಸಾವಂತರ ಶಾಸ್ತ್ರಾರ್ಥವನ್ನು ಬಾಲ್ಕನಿಯಿಂದ ಕೇಳಿಸಿಕೊಂಡ ಅವಳು ಊಟಕ್ಕೆ ಬಡಿಸುವಾಗ ಹೇಳಿದ್ದು ಇಷ್ಟೇ:

"ಯಾವ ಗಾಲಿಂದರ ಓಡವಲ್ತ್ಯಾಕ್ರೀ. ಓಡಿದ್ರ ಸಾಕು."

ಇಂಥವರಿಗೆ ಏನು ಹೇಳುವುದು!

ಹೀಗಿರುವಾಗ ಪದ್ಮಾಳ ತಮ್ಮ ಪ್ರಲ್ಹಾದನ ಮಗಳು ಶ್ರುತಿಯ ಮದುವೆ ನಿಶ್ಚಯವಾಯಿತು. ಪ್ರಲ್ಹಾದನದು ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಒಬ್ಬಳೇ ಮಗಳು. ಹುಡುಗನ ಮನೆ ನವಿ ಮುಂಬಯಿಯ ಸಾನಪಾಡಾದಲ್ಲಿ. ಹೆಸರು ನಿಖಿಲ. ಅವನ ಹಿರಿಯರು ವಿಜಾಪುರದವರಾದರೂ ಅವನು ಹುಟ್ಟಿ ಬೆಳೆದದ್ದು ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವನು ತಲೆ ಬಗ್ಗಿಸಿ ಮರಾಠಿಯಲ್ಲೋ ಹಿಂದಿಯಲ್ಲೋ ಉತ್ತರ ಕೊಡುತ್ತಾನೆ, ಅದೂ ಎರಡೇ ಮಾತು. ಅಂಬರನಾಥದ ಯಾವುದೋ ಕಾರ್ಖಾನೆಯಲ್ಲಿ ಎಂಜಿನಿಯರ್ ಎಂದರು. ಏನು ಮಾಡುವ ಕಾರ್ಖಾನೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮದುವೆಯ ಹಾಲ್ ಗೊತ್ತುಮಾಡಿದ್ದು ಅಂಬರನಾಥದ ಆಚೆ, ಗುಡ್ಡದ ಓರೆಯಲ್ಲಿ. ಹೊಸ ಹಾಲ್, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಡಾಂಬರು ರಸ್ತೆ ಬಿಟ್ಟ ಮೇಲೆ ಹಾಲಿನ ಬಾಗಿಲವರೆಗೆ ಒಂದು ಕಡಿದಾದ ಏರು. ಅದಕ್ಕೆ ಕಾಂಕ್ರೀಟ್ ಹಾಕಿಸುತ್ತೇವೆ ಎಂದು ಹಾಲಿನವರು ಹೇಳಿದ್ದರು; ಹಾಕಿಸಿದ್ದು ಕೆಂಪು ಮಣ್ಣು. ಅದಕ್ಕಾಗಿಯೇ ಪ್ರಲ್ಹಾದ ವರನನ್ನು ಕರೆತರಲು ಒಂದು ಜೀಪು ಹೇಳಿಟ್ಟಿದ್ದ.

"ಜೀಪೇ?" ಎಂದೆ ನಾನು. "ಮದುಮಗ ಎಂತ, ಚುನಾವಣೆಗೆ ನಿಂತಿದ್ದಾನಾ?"

ನನ್ನ ಅಷ್ಟು ದೊಡ್ಡ ಕಾರು ಮನೆಯಲ್ಲಿರುವಾಗ ಬಾಡಿಗೆಯ ಜೀಪು ತಂದರೆ ಅದು ನನಗೂ ಕಾರಿಗೂ ಅವಮಾನ ಎಂದು ಸ್ಪಷ್ಟವಾಗಿ ತಿಳಿಸಿದೆ. ಪ್ರಲ್ಹಾದ ಹೇಳಿದ:

"ಭಾವಾ, ಏರು ಕೆಟ್ಟದದ. ಮುಹೂರ್ತ ಹತ್ತೂ ನಲವತ್ತಕ್ಕ. ಅದು ತಪ್ಪಿದ್ರ ಆವತ್ತು ಮತ್ತ ಇಲ್ಲ ಅಂದಾರ ಆಚಾರ್ರು. ನಿಮ್ಮ ಮ್ಯಾಲ ಬಿಡ್ಲ್ಯಾ?"

"ಬಿಡು" ಎಂದೆ. ಜೀಪಿನವನಿಗೆ ಬೇಡವೆಂದು ಫೋನು ಹೋಯಿತು. ವರನನ್ನು ಮುಹೂರ್ತದೊಳಗೆ ಹಾಲಿಗೆ ಮುಟ್ಟಿಸುವುದು. ಇಷ್ಟೇ ನನ್ನ ಕೆಲಸ!

ಜವಾಬ್ದಾರಿಯುತ ಮನುಷ್ಯನಾದ್ದರಿಂದ ಹಿಂದಿನ ಭಾನುವಾರವೇ ಪದ್ಮಾಳನ್ನು ಕೂರಿಸಿಕೊಂಡು ಹೋಗಿ ಆ ಏರನ್ನು ಪರೀಕ್ಷಿಸಿದೆ. ಸಣ್ಣ ಮಳೆ ಬಿದ್ದಿತ್ತು. ಖಾಲಿ ಕಾರು ನಡುವೆ ಒಂದು ಕಡೆ 'ಸರ್' ಎಂದು ಜಾರಿತು, ಮತ್ತೆ ತಾನಾಗಿ ಸಾವರಿಸಿಕೊಂಡು ಹತ್ತಿ ನಿಂತಿತು. ಏರಿತಲ್ಲ, ಇನ್ನೇನು, ನಡೀರಿ ಮನೆಗೆ ಎಂದಳು ಪದ್ಮಾ. ಅಲ್ಲಿಗೇ ಬಿಟ್ಟಿದ್ದರೆ ಈ ಬರಹ ಹುಟ್ಟುತ್ತಲೇ ಇರಲಿಲ್ಲ. ಆದರೆ ಕಾರು ಜಾರಿದ ಆ ಒಂದು ಕ್ಷಣದಲ್ಲಿ ನನ್ನ ಕಿವಿಯೊಳಗೆ ಸೀನ ಮಾವನ ಧ್ವನಿ ಮೊಳಗಿಬಿಟ್ಟಿತು. ಹಿಂದೆ ಭಾರ ಹಾಕು ಮಾರಾಯ!

ಭಾರಕ್ಕೇನು ಕೊರತೆ? ಮದುವೆಗೆ ಬಂದ ಹೆಂಗಸರಿಗೆಲ್ಲ ತಾಂಬೂಲದ ಚೀಲದಲ್ಲಿ ಒಂದೊಂದು ತೆಂಗಿನಕಾಯಿ ಕೊಡುವುದು ನಮ್ಮಲ್ಲಿ ಎರಡೂ ಕಡೆಯ ಪದ್ಧತಿ. ಇನ್ನೂರು ಕಾಯಿ ತರಿಸಿಟ್ಟಿದ್ದರು, ನಾಲ್ಕು ಗೋಣಿಚೀಲ. ಅವು ಅಡುಗೆಯವರ ಟೆಂಪೋದಲ್ಲಿ ಹೋಗಬೇಕಿತ್ತು. ಮದುವೆಯ ಹಿಂದಿನ ಸಂಜೆ ನಾನು ಕಲ್ಯಾಣಕ್ಕೆ ಹೋಗಿ ನಾಲ್ಕನ್ನೂ ನನ್ನ ಡಿಕ್ಕಿಗೆ ಏರಿಸಿದೆ. ಕಾರಿನ ಹಿಂಭಾಗ ಕೆಳಗಿಳಿದು ಮೂತಿ ಮೇಲೆದ್ದಿತು. ಕೂಗಲು ಸಿದ್ಧವಾದ ಹುಂಜದ ಹಾಗೆ!

"ಏನ್ರೀ ಇದು, ಗಾಡಿ ಆಕಾಶ ನೋಡ್ಲಿಕ್ಕತ್ತದ" ಎಂದಳು ಪದ್ಮಾ.

"ಸುಮ್ಮನಿರು ಮಾರಾಯ್ತಿ, ಇದು ವಿಜ್ಞಾನ" ಎಂದೆ.

ಮರುದಿನ ಬೆಳಗಾಗುವಾಗ ಮಳೆ ಧೋ ಎಂದು ಸುರಿಯುತ್ತಿತ್ತು. ನನಗೆ ಬೇಸರವಾಗಲಿಲ್ಲ, ಹುಮ್ಮಸ್ಸೇ ಬಂತು. ಒಣನೆಲದಲ್ಲಿ ಯಾವ ಕಾರಾದರೂ ಹತ್ತೀತು, ಕಾರಿನ ಕುಲ ಗೋತ್ರ ತಿಳಿಯುವುದು ಕೆಸರಿನಲ್ಲಿ ಎಂದುಕೊಂಡೆ. ಏಳು ಗಂಟೆಗೆ ಸಾನಪಾಡಾದಲ್ಲಿ ಹಾಜರು. ನಿಖಿಲ ಜರಿಯ ಮುಂಡಾಸು ಸುತ್ತಿ, ಹಣೆಗೆ ಬಾಸಿಂಗ ಕಟ್ಟಿಕೊಂಡು, ಮುಖದ ಮುಂದೆ ಮುತ್ತಿನ ಎಳೆಗಳನ್ನು ಇಳಿಬಿಟ್ಟುಕೊಂಡು ನಿಂತಿದ್ದ. ಜೊತೆಗೆ ಅವನ ತಾಯಿ ಸುಧಾಬಾಯಿ, ಮತ್ತು ಅವನ ಸೋದರಮಾವ ಗುರುರಾಜರು. ಗುರುರಾಜರನ್ನು ಕಂಡು ನನಗೆ ಆನಂದದಿಂದ ಕಣ್ಣು ತುಂಬಿತು. ನೂರು ಕಿಲೋಗೆ ಒಂದು ಗುಂಜಿ ಕಡಿಮೆ ಇಲ್ಲ!

ಅವರು ವಾಡಿಕೆಯಂತೆ ಮುಂದಿನ ಸೀಟಿಗೆ ಹೊರಟರು. ನಾನು ಕೈಹಿಡಿದು ತಡೆದೆ. ದೋಣಿಯಲ್ಲಿ ಜನ ಕೂರಿಸುವಂತೆ ನನ್ನ ಕಾರಿನಲ್ಲಿ ಕೂರಿಸುವುದಕ್ಕೂ ಒಂದು ಲೆಕ್ಕವಿದೆ ಎಂದು ವಿವರಿಸಿ, ಗುರುರಾಜರು, ಸುಧಾಬಾಯಿ, ವರ, ಮೂವರನ್ನೂ ಹಿಂದೆ ಕೂರಿಸಿದೆ. ಕಾಯಿಯ ತೂಕವೂ ಬೀಗರ ತೂಕವೂ ಸರಿಯಾಗಿ ಹಿಂದಿನ ಗಾಲಿಯ ಮೇಲೆ. ಮುಂದೆ ನಾನು, ಮತ್ತು ಹೂವಿನಷ್ಟು ಹಗುರಾದ ಪದ್ಮಾ. ನಮ್ಮ ಹಿಂದೆ ವರನ ಕಡೆಯವರ ಬಸ್ಸು.

ಮಹಾಪೆ ದಾಟಿ ಶೀಳ್ ಫಾಟಾದ ಕಡೆ ಹೋಗುವಾಗ ಸ್ಟೇರಿಂಗ್ ಎಷ್ಟು ಹಗುರವಾಗಿತ್ತು ಎಂದರೆ ಕಿರುಬೆರಳಿನಿಂದ ತಿರುಗಿಸಬಹುದು! "ನೋಡಿದಿರಾ? ಇದೇ ಹಿಂಗಾಲಿಯ ಮಹಿಮೆ. ಮುಂದಿನ ಗಾಲಿಗೆ ಏನೂ ಹೊರೆಯೇ ಇಲ್ಲ" ಎಂದು ಬೀಗರಿಗೆ ತಿಳಿಸಿದೆ. ಮುಂದಿನ ಗಾಲಿಗಳು ನೆಲವನ್ನು ಸರಿಯಾಗಿ ಮುಟ್ಟುತ್ತಲೇ ಇಲ್ಲ, ಅದಕ್ಕೇ ಹಗುರ ಎಂದು ಆಮೇಲೆ ತಿಳಿಯಿತು.

"ಕಾಕಾ, ಆ್ಯಕ್ಚುಲಿ..." ಎಂದ ನಿಖಿಲ, ಹಿಂದಿನಿಂದ.

ಮುಹೂರ್ತ ಮುಗಿಯುವವರೆಗೆ ನೀನು ಏನೂ ಚಿಂತೆ ಮಾಡಬಾರದು, ವರ ಎಂದರೆ ಸಾಕ್ಷಾತ್ ನಾರಾಯಣ ಎಂದು ಅವನ ಬಾಯಿ ಮುಚ್ಚಿಸಿದೆ. ಕಾಟಯಿ ನಾಕಾದಲ್ಲಿ ಟ್ರಾಫಿಕ್ ಜಾಮಿನಲ್ಲಿ ನಿಂತಾಗ ನಾರಾಯಣ ಇನ್ನೊಮ್ಮೆ "ಕಾಕಾ" ಎಂದಿತು. ಸೀನ ಮಾವನ ಕಥೆಯ ಅತ್ಯಂತ ರೋಚಕ ಘಟ್ಟದಲ್ಲಿದ್ದೆ ನಾನು, ಕೇಳಿಸಿಕೊಳ್ಳಲಿಲ್ಲ. ಗುರುರಾಜರು ಹೂಂಗುಟ್ಟುತ್ತಿದ್ದರು. ಆ ದಿವಾನದಂಥ ಸೀಟಿನಲ್ಲಿ ಅವರಿಗೆ ಆಗಲೇ ಅರ್ಧ ನಿದ್ರೆ. ದೊಡ್ಡ ಕಾರಿನ ಸುಖ ಅಂಥದ್ದು.

ಒಂಬತ್ತೂ ಇಪ್ಪತ್ತಕ್ಕೆ ಏರಿನ ಬುಡ ತಲುಪಿದೆವು. ಅಲ್ಲಿ ಬ್ಯಾಂಡಿನವರು ತಗಡಿನ ಚಪ್ಪರದ ಕೆಳಗೆ ನಿಂತು ಕಾಯುತ್ತಿದ್ದರು. ನಮ್ಮನ್ನು ಕಂಡೊಡನೆ ಶುರು ಹಚ್ಚಿಕೊಂಡರು. ನಾನು ಮನಸ್ಸಿನಲ್ಲಿ ಸೀನ ಮಾವನಿಗೆ ನಮಸ್ಕರಿಸಿ, ಮೊದಲ ಗೇರು ಹಾಕಿ, ಕಾರನ್ನು ಏರಿಗೆ ಬಿಟ್ಟೆ. ಹತ್ತು ಮಾರು ಹತ್ತಿತು. ಎಂಜಿನ್ ಗರ್ಜಿಸಿತು. ಎಲ್ಲಿಂದಲೋ 'ಗಿರ್ರ್' ಎಂಬ ಸದ್ದು ಬಂತು. ಕಾರು ನಿಂತಿತು.

ಎರಡನೆಯ ಸಲ ಪ್ರಯತ್ನಿಸಿದೆ. ಗಿರ್ರ್. ಮೂರನೆಯ ಸಲ ಕಾರು ಮುಂದೆ ಹೋಗುವುದಿರಲಿ, ಒಂದು ಗೇಣು ಹಿಂದಕ್ಕೇ ಬಂತು. ಹಿಂದೆ ನಿಂತಿದ್ದ ಬಸ್ಸಿನವನು ಹಾರ್ನ್ ಹೊಡೆದ. ದಾರಿ ಎಷ್ಟು ಕಿರಿದು ಎಂದರೆ ಪಕ್ಕದಿಂದ ಒಂದು ಸೈಕಲ್ ಹೋಗುವುದೂ ಕಷ್ಟ. ಬಸ್ಸಿನಲ್ಲಿ ವರನ ಇಡೀ ಬಳಗ, ಬಸ್ಸಿನ ಹಿಂದೆ ಅಡುಗೆಯವರ ಟೆಂಪೋ. ನನ್ನ ಒಂದು ಕಾರು ಇಡೀ ಮದುವೆಗೆ ಬಿರಡೆ ಹಾಕಿದಂತಾಗಿತ್ತು!

ಧೃತಿಗೆಡಲಿಲ್ಲ. ರೋಗ ಯಾವುದೆಂದು ನನಗೆ ಗೊತ್ತಿತ್ತು: ಹಿಂದೆ ಭಾರ ಸಾಲದು! ಕಿಟಕಿ ಇಳಿಸಿ ಬ್ಯಾಂಡಿನವರನ್ನು ಕರೆದೆ. ದೊಡ್ಡ ಡೋಲಿನವನನ್ನೂ ಅವನ ಪಕ್ಕದ ದಪ್ಪ ತುತ್ತೂರಿಯವನನ್ನೂ ಡಿಕ್ಕಿಯ ಮೇಲೆ ಕೂರಿಸಿದೆ. ಕೂತವರು ಸುಮ್ಮನೆ ಕೂರಲಾರದೆ ಬಾರಿಸತೊಡಗಿದರು. ನಾನು ಆಕ್ಸಿಲರೇಟರ್ ಒತ್ತಿದೆ. ಡೋಲು ಧಡಧಡ, ಎಂಜಿನ್ ಭೋರ್, ಗಾಲಿ ಗಿರ್ರ್! ಕಾರಿನ ಮೂತಿ ಈಗ ನೇರವಾಗಿ ಮೋಡವನ್ನೇ ನೋಡುತ್ತಿತ್ತು. ನೆಲದ ಮೇಲೆ ಮಾತ್ರ ಒಂದಂಗುಲವೂ ಮುಂದೆ ಸರಿಯಲಿಲ್ಲ.

"ಒಯ್ಯೂದಾದ್ರ ಒಯ್ರಿ, ಇಲ್ಲಂದ್ರ ಹೇಳ್ರಿ" ಎಂದರು ಸುಧಾಬಾಯಿ. ಅಲ್ಲಿಯವರೆಗೆ ಅವರು ಬಾಯಿ ಬಿಟ್ಟಿರಲಿಲ್ಲ. "ಆದ್ರ ನನ್ನ ಮಗ ಬಾಸಿಂಗ ಕಟಗೊಂಡು ರಾಡ್ಯಾಗ ನಡಕೊಂತ ಹೋಗೂದಿಲ್ಲ."

ಅಷ್ಟರಲ್ಲಿ ಹಾಲಿನಿಂದ ಪ್ರಲ್ಹಾದ ಕೊಡೆ ಹಿಡಿದುಕೊಂಡು ಇಳಿದು ಬಂದ. ಮೈತುಂಬ ಅಚ್ಚ ಬಿಳಿಯ ರೇಷ್ಮೆ ಧೋತರ, ಕೇಸರಿ ಅಂಚು. ಧಾರೆ ಎರೆಯುವ ಕೈ. ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ಗಡಿಯಾರ ತೋರಿಸಿದ. ಒಂಬತ್ತೂ ಐವತ್ತೈದು. ಆಚಾರ್ಯರು ಆಗಲೇ ಎರಡು ಸಲ ಕೇಳಿದರು ಎಂದ. "ಭಾವಾ, ನಿಮ್ಮ ಮ್ಯಾಲ ಬಿಟ್ಟಿದ್ದೆ" ಎಂದು ಮೆಲ್ಲಗೆ ಸೇರಿಸಿದ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮೆಲ್ಲಗಿನ ಮಾತು ನನ್ನ ಎದೆಗೇ ತಾಗಿತು.

ಸರಿ, ತಳ್ಳೋಣ ಎಂದು ತೀರ್ಮಾನಿಸಿದೆ. ತಳ್ಳುವುದರಲ್ಲೂ ನನ್ನ ವಿಜ್ಞಾನ ಬಿಡಲಿಲ್ಲ. ಹಿಂದಿನ ಗಾಲಿ ತಿರುಗಿದರೆ ಕೆಸರು ಹಿಂದಕ್ಕೆ ಹಾರುತ್ತದೆ. ಆದ್ದರಿಂದ ಬಟ್ಟೆಯ ಹಂಗಿಲ್ಲದ ಬ್ಯಾಂಡಿನವರು ಹಿಂದೆ ನಿಲ್ಲಲಿ. ಧಾರೆ ಎರೆಯಬೇಕಾದ ಪ್ರಲ್ಹಾದನಿಗೆ ಇಡೀ ಕಾರಿನ ಸುತ್ತ ಅತ್ಯಂತ ಸುರಕ್ಷಿತವಾದ ಜಾಗ ಹುಡುಕಿದೆ. ಎಡಗಡೆಯ ಮುಂದಿನ ಬಾಗಿಲು, ಮುಂದಿನ ಗಾಲಿಗೆ ಮೊಳದಷ್ಟೇ ಹಿಂದೆ. "ನೀನು ಇಲ್ಲಿ ನಿಲ್ಲು. ಇಲ್ಲಿ ಒಂದು ಹನಿ ಬೀಳುವುದಿಲ್ಲ" ಎಂದು ನಾನೇ ಒಯ್ದು ನಿಲ್ಲಿಸಿದೆ. ತನ್ನ ಕೊಡೆಯನ್ನು ಆಗಲೇ ಕಾರಿನಿಂದ ಇಳಿದಿದ್ದ ಅಕ್ಕನ ಕೈಗೆ ಕೊಟ್ಟು, ಬಾಗಿಲಿಗೆ ಎರಡೂ ಕೈ ಊರಿ, ನನ್ನ ಮೇಲೆ ಪೂರ್ತಿ ವಿಶ್ವಾಸವಿಟ್ಟು ನಿಂತ, ಪಾಪ!

ನಾನು ಒಳಗೆ ಕೂತು, ಹಿಂದಿನ ಗಾಲಿ ಹೇಗೆ ತಿರುಗುತ್ತದೆ ನೋಡೋಣವೆಂದು ಬಲಗಡೆಯ ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡುತ್ತ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ.

ಹಿಂದಿನ ಗಾಲಿ ತಿರುಗುತ್ತಿರಲಿಲ್ಲ.

ಎಂಜಿನ್ ಕೂಗುತ್ತಿದೆ, ಗಿರ್ರ್ ಎನ್ನುತ್ತಿದೆ, ಆದರೆ ಹಿಂದಿನ ಗಾಲಿ ಊಟ ಮುಗಿಸಿ ಕೂತ ಅಜ್ಜನಂತೆ ಶಾಂತವಾಗಿ, ಒಂದು ಕಲೆಯಿಲ್ಲದೆ ಇದೆ! ಇದು ಹೇಗೆ ಸಾಧ್ಯ ಎಂದು ನಾನು ಯೋಚಿಸುವ ಹೊತ್ತಿಗೆ ನನ್ನ ಬೋಳು ತಲೆಯ ಹಿಂಭಾಗಕ್ಕೆ ಪಟಾರನೆ ಏನೋ ಬಡಿಯಿತು. ತಣ್ಣಗಿತ್ತು. ಕೆಂಪಗಿತ್ತು. ಕುತ್ತಿಗೆಯಿಂದ ಅಂಗಿಯೊಳಗೆ ಇಳಿಯಿತು. ಅದು ಮುಂದಿನಿಂದ ಬಂದಿತ್ತು.

ಬಲಗಡೆ ನನಗೆ ಸಿಕ್ಕಿದ್ದು ಇಷ್ಟಾದರೆ, ಎಡಗಡೆ ಪ್ರಲ್ಹಾದನಿಗೆ ಎಷ್ಟು ಸಿಕ್ಕಿರಬೇಕು!

ಮೆಲ್ಲಗೆ ತಿರುಗಿ ನೋಡಿದೆ. ಕೇಸರಿ ಅಂಚು ಎಲ್ಲಿ ಮುಗಿಯುತ್ತದೆ, ಧೋತರ ಎಲ್ಲಿ ಶುರುವಾಗುತ್ತದೆ ಎಂದು ಹೇಳುವಂತಿರಲಿಲ್ಲ. ಮುಡಿಯಿಂದ ಅಡಿಯವರೆಗೆ ಒಂದೇ ಬಣ್ಣ. ಕಣ್ಣೆರಡು ಮಾತ್ರ ಬಿಳಿ. ಹಿಂದೆ ತಳ್ಳುತ್ತಿದ್ದ ಬ್ಯಾಂಡಿನವರ ಬಿಳಿಯ ಪ್ಯಾಂಟುಗಳ ಮೇಲೆ ಒಂದು ಚುಕ್ಕೆ ಇರಲಿಲ್ಲ. ಡೋಲಿನವನು ಒಂದು ಏಟು ಹಾಕಲು ಕೈ ಎತ್ತಿದವನು, ಪಕ್ಕದವನು ಕಣ್ಣು ಬಿಟ್ಟದ್ದನ್ನು ಕಂಡು ಇಳಿಸಿದ.

ಆಗ ಹಿಂದಿನ ಸೀಟಿನಿಂದ ಮುತ್ತಿನ ಎಳೆಗಳನ್ನು ಪಕ್ಕಕ್ಕೆ ಸರಿಸಿ ನಾರಾಯಣ ಮೂರನೆಯ ಸಲ ಬಾಯಿ ತೆರೆಯಿತು.

"ಕಾಕಾ, ಯೇ ಫ್ರಂಟ್ ವ್ಹೀಲ್ ಗಾಡಿ ಹೈ."

"ನಿನಗೆ ಹೇಗೆ ಗೊತ್ತು?" ಎಂದೆ. ಸಾಯುವ ಮುನ್ನ ಒಮ್ಮೆ ಕೈಕಾಲು ಬಡಿದಂಥ ಪ್ರಶ್ನೆ ಅದು.

"ಇಸ್‌ಕಾ ಆಕ್ಸಲ್ ಹಮ್ ಹೀ ಬನಾತೇ ಹೈ. ಅಂಬರನಾಥ್ ಮೇ."

ಅಂದರೆ, ನನ್ನ ಕಾರಿನಂಥ ಕಾರುಗಳಲ್ಲಿ ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗೆ ಮುಟ್ಟಿಸುವ ದಂಡವನ್ನು ತಯಾರಿಸುವುದೇ ಆ ಹುಡುಗನ ಕೆಲಸ! ದಿನಕ್ಕೆ ಎಂಟು ಗಂಟೆ ಅದನ್ನೇ ಮಾಡುತ್ತಾನೆ. ಅವನಿಗೆ ನಾನು ಸಾನಪಾಡಾದಿಂದ ಅಂಬರನಾಥದವರೆಗೆ ಎರಡು ತಾಸು ಹಿಂಗಾಲಿಯ ಪುರಾಣ ಹೇಳಿದ್ದೆ! ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುವಷ್ಟು ಮುಖ ನನಗಿರಲಿಲ್ಲ. ಅವನು ಹೇಳಲು ಹೋಗಿದ್ದ, ನಾನೇ ಬಿಡಲಿಲ್ಲ.

ಮುಂದಿನದೆಲ್ಲ ಅವನೇ ನೋಡಿಕೊಂಡ. ಎರಡು ಮಾತಿನ ಹುಡುಗ ಈಗ ಕಾರ್ಖಾನೆಯ ಎಂಜಿನಿಯರ್ ಆಗಿಬಿಟ್ಟಿದ್ದ. ಡಿಕ್ಕಿ ಖಾಲಿ ಮಾಡಿ ಎಂದ. ಬ್ಯಾಂಡಿನವರು ಕಾಯಿ ಚೀಲಗಳನ್ನು ಇಳಿಸಿದರು. ಮುಂದಿನ ಗಾಲಿಯ ಮೇಲೆ ಭಾರ ಬೇಕು ಎಂದ. ಗುರುರಾಜರು ಎಚ್ಚರಾಗಿ ಮುಂದಿನ ಸೀಟಿಗೆ ಬಂದರು, ಅವರ ಕಾಲ ಬಳಿ ಒಂದು ಚೀಲ ಕಾಯಿ, ತೊಡೆಯ ಮೇಲೆ ಇನ್ನೊಂದು. ಬಸ್ಸನ್ನು ಹಿಂದಕ್ಕೆ ತೆಗೆಸಿದ. ಕಾರನ್ನು ಬುಡಕ್ಕೆ ಇಳಿಸಿ, ತಿರುಗಿಸಿ, ಅದರ ಬೆನ್ನನ್ನು ಏರಿಗೆ ಮಾಡಿ ನಿಲ್ಲಿಸಲು ಹೇಳಿದ.

"ರಿವರ್ಸ್ ಮೇ ಚಢೇಗೀ" ಎಂದ.

ಹಿಮ್ಮುಖವಾಗಿ ಹತ್ತಿದರೆ ಎಳೆಯುವ ಗಾಲಿ ಕೆಳಗಡೆ ಬರುತ್ತದೆ, ಕಾರಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಜಾರುವುದಿಲ್ಲ. ಇಷ್ಟು ಸರಳ! ಸೀನ ಮಾವ ಹೇಳಿದ್ದೂ ಇದೇ ಅಲ್ಲವೇ? ಎಳೆಯುವ ಗಾಲಿಯ ಮೇಲೆ ಭಾರ ಹಾಕು. ಯಾವ ಗಾಲಿ ಎಳೆಯುತ್ತದೆ ಎಂದು ನೋಡಿಕೊಳ್ಳುವುದನ್ನು ಅವರು ಸೋದರಳಿಯನ ಬುದ್ಧಿಗೆ ಬಿಟ್ಟಿದ್ದರು.

ಒಂದು ತೊಡಕು ಉಳಿಯಿತು. ನನ್ನ ಕುತ್ತಿಗೆ ಸ್ಪಾಂಡಿಲೈಟಿಸ್‌ನದು. ಕಿಟಕಿಯಿಂದ ಅಷ್ಟು ಹೊತ್ತು ಹೊರಳಿಸಿ ನೋಡಿದ್ದಕ್ಕೆ ಅದು ಈಗ ಎತ್ತಲೂ ತಿರುಗಲು ಒಪ್ಪಲಿಲ್ಲ. ಹಿಂದೆ ನೋಡದೆ ಹಿಂದಕ್ಕೆ ಓಡಿಸುವುದು ಹೇಗೆ? ಹತ್ತೂ ಹತ್ತು ಆಗಿತ್ತು. ನಿಖಿಲ ತಾಯಿಯ ಮುಖ ನೋಡಿದ. ಕಟ್ಟಿದ ಬಾಸಿಂಗವನ್ನು ಅಕ್ಷತೆಯ ಅಕ್ಕಿಕಾಳು ಬೀಳುವವರೆಗೆ ಬಿಚ್ಚುವಂತಿಲ್ಲ. ಸುಧಾಬಾಯಿ ಮುತ್ತಿನ ಎಳೆಗಳನ್ನೆಲ್ಲ ಒಟ್ಟುಮಾಡಿ ಮುಂಡಾಸಿಗೆ ಸಿಕ್ಕಿಸಿ, "ಹೋಗು" ಎಂದರು. ಮದುಮಗ ಸ್ಟೇರಿಂಗ್ ಹಿಡಿದು ಕೂತ!

ನಾನು ಕೊಡೆಯ ಕೆಳಗೆ ನಿಂತಿದ್ದೆ, ಏನು ಮಾಡಬೇಕೆಂದು ತಿಳಿಯದೆ. ಹಿಂದಿನ ಗಾಜು ಒಳಗಿನಿಂದ ಮಂಜು ಕಟ್ಟುತ್ತದೆ, ಯಾರಾದರೂ ಒರೆಸಬೇಕು ಎಂದ ನಿಖಿಲ. ಪದ್ಮಾ ನನಗಾಗಿ ಹಿಂದಿನ ಬಾಗಿಲು ತೆಗೆದಳು.

"ನೀವು ಹಿಂದ ಕೂಡ್ರಿ. ನಿಮಗ ಹಿಂದಿನ ಗಾಲಿ ಅಂದ್ರ ಪ್ರೀತಿ ಅಲ್ಲಾ."

ಹಾಗೆ ನಮ್ಮ ದಿಬ್ಬಣ ಹೊರಟಿತು. ಮುಂದೆ ಬ್ಯಾಂಡು, ಅದರ ಹಿಂದೆ ಡಿಕ್ಕಿ, ಡಿಕ್ಕಿಯ ಮೇಲಿನ ಗಾಜಿನ ಒಳಗೆ, ಸೀಟಿನ ಮೇಲೆ ಮಂಡಿಯೂರಿ ಕೂತು ಶಲ್ಯದಿಂದ ಒರೆಸುತ್ತಿರುವ ನಾನು. ಕಾರು ಒಂದೇ ಒಂದು ಸಲವೂ ಜಾರಲಿಲ್ಲ. ಆನೆಯೊಂದು ಹಿಂದೆ ಹಿಂದೆ ನಡೆದು ಗುಡ್ಡ ಹತ್ತಿದ ಹಾಗೆ ಗಂಭೀರವಾಗಿ, ನಿಧಾನವಾಗಿ ಹತ್ತಿತು. ಏನು ಹೇಳಲಿ, ನನ್ನ ಅವಮಾನದ ನಡುವೆಯೂ ನನಗೆ ರೋಮಾಂಚನವಾಯಿತು! "ಹತ್ತಿತು, ಹತ್ತಿತು!" ಎಂದು ಗಾಜಿಗೆ ಗುದ್ದಿದೆ. ಹೊರಗೆ ಫೋಟೋದವನು ತನ್ನ ಕೆಲಸ ಮಾಡುತ್ತಿದ್ದ.

ಹಾಲಿನ ಬಾಗಿಲಲ್ಲಿ ಆರತಿಯ ತಟ್ಟೆ ಹಿಡಿದು ನಿಂತವರು ನಮ್ಮ ಅತ್ತೆ, ಪದ್ಮಾಳ ತಾಯಿ. ಎಂಬತ್ತು ದಾಟಿದೆ; ಒಂದು ಕಣ್ಣಿಗೆ ಪೊರೆ, ಇನ್ನೊಂದಕ್ಕೆ ಹಟ. ಅವರಿಗೆ ಗೊತ್ತಿದ್ದದ್ದು ಒಂದೇ: ಹಿಂದಿನ ಸೀಟಿನಿಂದ ಇಳಿಯುವವನು ವರ. ಕಾರು ಹಿಂದುಮುಂದಾಗಿ ಬಂದದ್ದನ್ನು ಅವರು ಗಮನಿಸಲಿಲ್ಲ. ಬಾಗಿಲು ತೆರೆದು ನಾನು ಇಳಿದೆ. ಕುತ್ತಿಗೆ ತಿರುಗದ್ದರಿಂದ ತಲೆ ತಗ್ಗಿಸಿಯೇ ಇದ್ದೆ, ಲಜ್ಜೆಯ ಮದುಮಗನ ಹಾಗೆ. ಅವರು ಮೂರು ಸುತ್ತು ಆರತಿ ಎತ್ತಿದರು. ಹೆಂಗಸರು ಹಾಡಿದರು. ಕುಂಕುಮ ಹಚ್ಚಲು ಕೈ ಚಾಚಿದವರು, ಹಣೆ ಎಲ್ಲಿ ಮುಗಿಯುತ್ತದೆಂದು ತಿಳಿಯದೆ ನನ್ನ ತಲೆಯ ಮೇಲೆಲ್ಲ ತಡವಿ ನೋಡಿದರು. ಆಮೇಲೆ ಕೇಳಿದರು:

"ಹುಡುಗಗ ಕೂದಲನ ಇಲ್ಲಲ್ಲೋ ಪ್ರಲ್ಹಾದಾ."

ಮುಂದಿನ ಬಾಗಿಲಿನಿಂದ ಇಳಿದ ನಿಜವಾದ ವರನಿಗೆ ಎರಡನೆಯ ಆರತಿಯಾಯಿತು. ಹತ್ತೂ ಇಪ್ಪತ್ತೆಂಟು! ಹತ್ತೂ ನಲವತ್ತಕ್ಕೆ ಸರಿಯಾಗಿ ಅಕ್ಕಿಕಾಳು ಬಿದ್ದವು. ಪ್ರಲ್ಹಾದ ಅಡುಗೆಯವರಿಂದ ಎರವಲು ತಂದ, ಅರಿಸಿನದ ಕಲೆಯಿದ್ದ ಪಂಚೆ ಉಟ್ಟು ಮಗಳನ್ನು ಧಾರೆ ಎರೆದ. ನೀರು ಬಿಡುವಾಗ ಅವನ ಕಣ್ಣು ತುಂಬಿತು. ನಾನು ದೂರದ ಒಂದು ಕಂಬದ ಮರೆಯಲ್ಲಿ ನಿಂತಿದ್ದೆ. ಎಲ್ಲ ಮುಗಿದ ಮೇಲೆ ಅವನು ನನ್ನನ್ನು ಹುಡುಕಿಕೊಂಡು ಬಂದ. ನನ್ನ ಕಿವಿಯ ಹಿಂದೆ ಉಳಿದಿದ್ದ ಕೆಸರನ್ನು ಬೆರಳಿನಿಂದ ತೆಗೆದು, "ಊಟಕ್ಕ ನಡೀರಿ ಭಾವಾ" ಎಂದ. ಅಷ್ಟೇ. ಇಂಥವರಿಗೆ ಕೆಸರು ಎರಚಿದೆನಲ್ಲ!

ಮದುಮಕ್ಕಳು ನಮಸ್ಕಾರಕ್ಕೆ ಬಂದರು. ಏಳುವಾಗ ನಿಖಿಲ ಶ್ರುತಿಯ ಕಡೆ ಒಮ್ಮೆ ನೋಡಿ, ಅವಳು ಹೇಳಿಕೊಟ್ಟಿದ್ದನ್ನು ನೆನಪಿಸಿಕೊಂಡು, ಮೊದಲ ಸಲ ಕನ್ನಡದಲ್ಲಿ ಒಂದು ವಾಕ್ಯ ಹೇಳಿದ:

"ಕಾಕಾ, ನಿಮ್ಮ ಗಾಡಿ ಭಾಳ ಛಲೋ ಅದ."

ಗಾಡಿಯ ಬಗ್ಗೆ ಮಾತ್ರ ಹೇಳಿದ. ಒಳ್ಳೆಯ ಹುಡುಗ.

ಮದುವೆಯ ಆಲ್ಬಮ್ಮಿನಲ್ಲಿ 'ವರನ ಆಗಮನ' ಎಂಬ ಎರಡು ಪುಟಗಳಿವೆ. ಅವುಗಳಲ್ಲಿ ವರ ಎಲ್ಲೂ ಇಲ್ಲ. ಒಂದು ಡಿಕ್ಕಿ ಇದೆ, ನಂಬರ್ ಪ್ಲೇಟು ಇದೆ, ಗಾಜಿನ ಹಿಂದೆ ಬಾಯಿ ತೆರೆದುಕೊಂಡು ಶಲ್ಯ ಬೀಸುತ್ತಿರುವ ಒಂದು ಕೆಂಪು ಮುಖವಿದೆ. ಅದರ ವಿಡಿಯೋ ಸಾವಂತರ ಫೋನಿಗೂ ಹೇಗೋ ಮುಟ್ಟಿತು. ಮರುದಿನ ಬೆಳಗ್ಗೆ ನನ್ನ ಬಾನೆಟ್ಟಿನ ಮೇಲೆ ಒಂದು ತೆಂಗಿನಕಾಯಿ ಇತ್ತು. ಮುಂದಿನ ಗಾಲಿಗೆ ಸರಿಯಾಗಿ ಮೇಲೆ!

ಮೊನ್ನೆ ಮದುಮಕ್ಕಳನ್ನು ಊಟಕ್ಕೆ ಕರೆದಿದ್ದೆವು. ಸಂಜೆ ಸಾನಪಾಡಾಕ್ಕೆ ಬಿಡಲು ಹೊರಟಾಗ ನಿಖಿಲ ಸ್ಟೇರಿಂಗ್ ಹಿಡಿದ, ಶ್ರುತಿ ಅವನ ಪಕ್ಕ. ನಾನು ಪದ್ಮಾ ಹಿಂದೆ. ಆ ಸೀಟು ನಿಜವಾಗಿ ದಿವಾನವೇ. ಆ ಉಬ್ಬಿನ ಮೇಲೆ ಕಾಲಿಟ್ಟುಕೊಂಡು ಕೂತು ನಾನು ಬಹಳ ಹೊತ್ತು ಯೋಚಿಸಿದೆ. ಎಳೆಯುವುದೂ ಮುಂದಿನ ಗಾಲಿ, ತಿರುಗುವುದೂ ಮುಂದಿನ ಗಾಲಿ. ತಡೆಯಲಾರದೆ ಪದ್ಮಾಳನ್ನು ಕೇಳಿಯೇಬಿಟ್ಟೆ: ಹಾಗಾದರೆ ಹಿಂದಿನ ಎರಡು ಗಾಲಿಗೆ ಎಂತ ಕೆಲಸ?

ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು:

"ಕೆಲಸ ಏನಿಲ್ಲ. ಮುಂದಿನವು ಎಳದ ಕಡೆ ಸುಮ್ಮನ ಬರ್ತಾವ. ಬಿಡ್ರಿ, ಬರೂದೂ ಒಂದು ಕೆಲಸನ."

ಅಂದಿನಿಂದ ನಾನು ಸುಮ್ಮನೆ ಬರುತ್ತಿದ್ದೇನೆ.